ಮೊದಲು ಚುಕ್ಕಿಯ ಬಟ್ಟಲು ನೋಡಿ

14 ವರ್ಷ ಸಾಕಿದ ಬೆಕ್ಕು ಬೆಳ್ಳಿ ಮೂತ್ರಪಿಂಡದ ಕಾಯಿಲೆಯಿಂದ ಹೋದಳು. ಆಗ ನೀವು ಮೀಟಿಂಗಿನಲ್ಲಿದ್ದಿರಿ, ಮನೆಯಿಂದ ಮೂರು ಸಲ ಫೋನ್ ಬಂದರೂ ಎತ್ತಲಿಲ್ಲ. 'ಈ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಡಲೇ?' ಎಂದು ನಾಲ್ಕು ಪುಟ ಬರೆದಿದ್ದೀರಿ. ಮೂರನೆಯ ಪುಟದ ತುದಿಯಲ್ಲಿ ನಿಮ್ಮ ಇನ್ನೊಂದು ಬೆಕ್ಕಿನ ಬಗ್ಗೆ ಒಂದು ಸಾಲು: 'ಚುಕ್ಕಿಯೂ ನಿನ್ನೆಯಿಂದ ಬಟ್ಟಲು ಮುಟ್ಟಿಲ್ಲ, ಅವಳಿಗೂ ಬೇಜಾರಿರಬೇಕು.'

ಆ ಸಾಲು ಓದಿ ಎದೆ ಧಸಕ್ಕೆಂದಿತು. ಅಂಕಣಕ್ಕೆ ಕಾಯದೆ ನಿಮಗೆ ಅಂದೇ ಉತ್ತರ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಬೆಕ್ಕು ಸಾಕಿದ ಎಲ್ಲರಿಗೂ.

ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಲಿವರಿಗೆ ಹರಿಯುತ್ತದೆ. ಅಷ್ಟನ್ನು ಅರಗಿಸಿಕೊಳ್ಳಲಾಗದೆ ಲಿವರ್ ಸೋಲುತ್ತದೆ. ಎರಡು ಮೂರು ದಿನದಲ್ಲೇ ಇದು ಶುರುವಾಗಬಹುದು, ಮೈತುಂಬಿಕೊಂಡ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ವಸಡು, ಕಿವಿಯ ಒಳಗು ಹಳದಿಯಾಗಿ ಕಾಣುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮೆತ್ತನೆಯ ತೇವದ ಆಹಾರವನ್ನು ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವಷ್ಟು ಬಿಸಿ ಮಾಡಿ, ಒಂದೇ ಚಮಚ ಇಡಿ. ವಾಸನೆ ಎದ್ದರೆ ಮೂಗು ತಾನಾಗಿ ಬರುತ್ತದೆ. ಬಾಯಿಗೆ ತುರುಕಬೇಡಿ. ತುತ್ತು ಶ್ವಾಸನಾಳಕ್ಕೆ ಹೋಗಬಹುದು, ಆ ಆಹಾರವನ್ನೇ ಅವಳು ದ್ವೇಷಿಸಲೂಬಹುದು.

ನಿಮ್ಮ ಅಕ್ಕನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಅದೇ ಸಂಜೆ ಬೆಳ್ಳಿಯ ಹಾಸಿಗೆ, ಬಟ್ಟಲು ಎಲ್ಲವನ್ನೂ ಚೀಲಕ್ಕೆ ತುಂಬಿ ಎಸೆದು, ಮನೆಯಿಡೀ ಫಿನಾಯಿಲ್ ಹಾಕಿ ಒರೆಸಿದರಂತೆ. ಮೂತ್ರಪಿಂಡದ ಈ ಕಾಯಿಲೆ ಅಂಟುವಂಥದ್ದಲ್ಲ. ಫಿನಾಲ್ ಎಂಬ ರಾಸಾಯನಿಕ ಇರುವ ಇಂಥ ದ್ರಾವಣ ಬೆಕ್ಕಿಗೆ ವಿಷ: ಅದನ್ನು ಒಡೆಯುವ ಶಕ್ತಿ ಬೆಕ್ಕಿನ ಲಿವರಿಗೆ ಬಹಳ ಕಡಿಮೆ, ಪಾದಕ್ಕೆ ಮೆತ್ತಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ನೆಲವನ್ನು ಎರಡು ಸಲ ಬರೀ ನೀರಲ್ಲಿ ಒರೆಸಿ, ಚುಕ್ಕಿಯ ಪಾದ ತೊಳೆಯಿರಿ, ವೈದ್ಯರಿಗೆ ಇದನ್ನು ಮರೆಯದೆ ಹೇಳಿ. ಜೊತೆಗಿದ್ದವಳ ವಾಸನೆ ಒಂದೇ ರಾತ್ರಿಯಲ್ಲಿ ಮಾಯವಾದರೆ ಚುಕ್ಕಿ ಹುಡುಕದೆ ಏನು ಮಾಡಿಯಾಳು?

ಬೆಳ್ಳಿಯ ನೀರಿನ ಬಟ್ಟಲು ಬೇಗ ಖಾಲಿಯಾಗುತ್ತಿತ್ತು, ಸೆಖೆಗಿರಬೇಕು ಅಂದುಕೊಂಡೆ ಎಂದಿದ್ದೀರಿ. ಹೌದು, ಅದು ಕಾಯಿಲೆಯ ಲಕ್ಷಣವೇ. ಸಮಾಧಾನಕ್ಕೆ ಸುಳ್ಳು ಹೇಳಲಾರೆ. ಆದರೆ ಮೂತ್ರಪಿಂಡದ ಶಕ್ತಿ ಮುಕ್ಕಾಲು ಪಾಲು ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ) ಏರದೇ ಇರಬಹುದು, ಆ ಪರೀಕ್ಷೆಯಲ್ಲೂ ಕಾಯಿಲೆ ಕಾಣದಿರಬಹುದು. ಮೊದಲೇ ಗೊತ್ತಾಗಿದ್ದರೆ ಪಥ್ಯದಿಂದ ಇನ್ನಷ್ಟು ಕಾಲ ಸಿಗುತ್ತಿತ್ತೇನೋ, ವಾಸಿಯಂತೂ ಆಗುತ್ತಿರಲಿಲ್ಲ. ಎತ್ತದ ಫೋನಿಗೂ ಬೆಳ್ಳಿಯ ಸಾವಿಗೂ ಸಂಬಂಧವಿಲ್ಲ.

ರಾಜೀನಾಮೆ ಬೇಡ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ: ಕೆಲಸ ಮುಗಿಯುವುದಿಲ್ಲ, ನಾವೇ ಎದ್ದು ಬರಬೇಕು. ನೀವು ಮಾಡಬೇಕಾದ್ದು ಒಂದೇ. ದಿನಾ ಸಂಜೆ ಆರೂವರೆಗೆ ಚುಕ್ಕಿಯ ಊಟ ನಿಮ್ಮ ಕೈಯಿಂದಲೇ ಆಗಬೇಕು, ಫೋನ್ ಬೇರೆ ಕೋಣೆಯಲ್ಲಿರಬೇಕು. ಹತ್ತು ನಿಮಿಷ ದಾರ ಆಡಿಸಿ, ಆಮೇಲೆ ಬಟ್ಟಲು ಇಡಿ, ತಿಂದಾದ ಮೇಲೆ ಬೆನ್ನು ಬಾಚಿ. ಬೆನ್ನುಮೂಳೆ ಕೈಗೆ ಹೆಚ್ಚು ಸಿಗುತ್ತಿದೆಯೇ ಎಂದು ಗೊತ್ತಾಗುವುದು ಆಗಲೇ. ಭಾನುವಾರ ಅವಳನ್ನೆತ್ತಿಕೊಂಡು ತೂಕದ ಯಂತ್ರ ಹತ್ತಿ, ನಿಮ್ಮ ತೂಕ ಕಳೆದು ಬರೆದಿಡಿ. 4 ಕೆಜಿಯ ಬೆಕ್ಕಿಗೆ 200 ಗ್ರಾಂ ಇಳಿದರೂ ಸಣ್ಣ ವಿಷಯವಲ್ಲ. 9 ವರ್ಷದವಳಲ್ಲವೇ, ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆಯೂ ಆಗಲಿ.

ಬೆಳ್ಳಿ ಮಲಗುತ್ತಿದ್ದ ನಿಮ್ಮ ಹಳೆಯ ಸ್ವೆಟರ್ ಬೀರುವಿನಲ್ಲಿ ಉಳಿದಿದೆ ಎಂದಿದ್ದೀರಿ. ಅದನ್ನು ಒಗೆಯಬೇಡಿ. ಚುಕ್ಕಿ ಮಲಗುವ ಮೂಲೆಯಲ್ಲಿ ಹಾಸಿ.