ಬಲಿಪೂಜೆ ಮತ್ತು ಪ್ರಯೋಗಾಲಯ

ಪ್ರೀತಿಯ ತಂಗಿ,

ಮುದಗಲ್‌ನಿಂದ ನೀನು ಬರೆದ ಪತ್ರ ತಲುಪಿತು. ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡಲು ಬೆಲ್ಜಿಯಂನ ಲ್ಯೂವೆನ್‌ಗೆ ಹೊರಟಿರುವ ನಿನ್ನನ್ನು ಚಳಿ, ಊಟಗಳಿಗಿಂತ ಹೆಚ್ಚಾಗಿ ಕಾಡುತ್ತಿರುವುದು, ಚರ್ಚ್‌ನ ಬಲಿಪೂಜೆಗೆ (ಮಾಸ್‌ಗೆ) ಹೋಗುವವಳೆಂದು ತಿಳಿದರೆ ಪ್ರಯೋಗಾಲಯದವರು ನಿನ್ನನ್ನು ವಿಜ್ಞಾನಿಯೆಂದು ಒಪ್ಪುವರೇ ಎಂಬ ಪ್ರಶ್ನೆ. ನಾನು ಬಳ್ಳಾರಿ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ನಾನು ಕಂಡಂತೆ, ಇಲ್ಲಿಯವರು ನೋಡುವುದು ನಿನ್ನ ಕೆಲಸವನ್ನು.

ನೀನು ಬರುತ್ತಿರುವ ಊರಿನಲ್ಲೇ ಭೌತವಿಜ್ಞಾನಿ ಜಾರ್ಜ್ ಲೆಮೈತ್ರ್ ಪಾಠ ಮಾಡುತ್ತಿದ್ದರು. ಅವರು ಕಥೋಲಿಕ ಗುರುಗಳು, ಅಂದರೆ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಸಮೀಕರಣಗಳ ಮೂಲಕ ತೋರಿಸಿದ ಅವರು, ಅದೆಲ್ಲ ಒಂದು ಆದಿ ಪರಮಾಣುವಿನಿಂದ ಹೊರಟಿರಬೇಕೆಂದು 1931ರಲ್ಲಿ ಮಂಡಿಸಿದರು. ಈ ಆರಂಭದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡು ಜಗದ್ಗುರು (ಪೋಪ್) ಹನ್ನೆರಡನೆಯ ಪಿಯುಸ್ 1951ರಲ್ಲಿ ಭಾಷಣ ಮಾಡಿದಾಗ ಲೆಮೈತ್ರ್ ಅವರಿಗೆ ಆದದ್ದು ಕಳವಳ. ತಮ್ಮ ಸಿದ್ಧಾಂತ ದೇವರ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ ಎಂಬುದು ಅವರ ನಿಲುವಾಗಿತ್ತು. ವಿಶ್ವಾಸವನ್ನು ಇಂದಿನ ಸಿದ್ಧಾಂತಕ್ಕೆ ಕಟ್ಟಿಹಾಕಿದರೆ, ನಾಳೆ ಆ ಸಿದ್ಧಾಂತ ಬದಲಾದಾಗ ವಿಶ್ವಾಸದ ಗತಿಯೇನು?

ಇದು ನನಗೆ ತಡವಾಗಿ ಅರ್ಥವಾಯಿತು. ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ಮೊದಲ ವರ್ಷ, ಬಯಸಿದ ಫಲಿತಾಂಶ ಬರಲೆಂದು ರಾತ್ರಿ ಜಪಸರ ಹಿಡಿದು ಕೂತಿದ್ದೆ. ಮರುದಿನ, ಡಿಎನ್‌ಎಯನ್ನು ಗೆರೆಗಳಾಗಿ ತೋರಿಸುವ ಜೆಲ್ಲನ್ನು ನೇರಳಾತೀತ ಬೆಳಕಿನಲ್ಲಿಟ್ಟರೆ, ಡಿಎನ್‌ಎ ಬದಲು ಬರೀ ನೀರು ಹಾಕಿದ್ದ, ಏನೂ ಕಾಣಬಾರದ ಸಾಲಿನಲ್ಲೂ ಅದೇ ಗೆರೆ ಹೊಳೆಯುತ್ತಿತ್ತು. ಎಂಟು ತಿಂಗಳ ನನ್ನ ಕೆಲಸವೆಲ್ಲ ಕಲಬೆರಕೆಯಾಗಿತ್ತು. ಪ್ರಾಧ್ಯಾಪಕರ ಬಾಗಿಲು ತಟ್ಟುವಾಗ ಕೈ ನಡುಗಿತು, ಆದರೂ ಇದ್ದದ್ದನ್ನು ಹೇಳಿದೆ. ಅಂದಿನಿಂದ ಫಲಿತಾಂಶ ಬೇಡುವುದನ್ನು ಬಿಟ್ಟು, ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯ ಬೇಡುತ್ತೇನೆ.

ಊಟದ ಮೇಜಿನಲ್ಲಿ ಯಾರಾದರೂ ಗೆಲಿಲಿಯೋ ಹೆಸರೆತ್ತಿದರೆ ಜಾರಿಕೊಳ್ಳಬೇಡ. 1633ರಲ್ಲಿ ಕಥೋಲಿಕ ಧರ್ಮಸಭೆ ಅವರನ್ನು ಶಿಕ್ಷಿಸಿತು, ಆ ತಪ್ಪನ್ನು 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಒಪ್ಪಿಕೊಂಡರು, ಎರಡನ್ನೂ ಹೇಳು. ವಿಕಾಸವಾದದ ಬಗ್ಗೆಯೂ ನಿನಗೆ ಅಳುಕು ಬೇಕಿಲ್ಲ. ಅದು ಬರಿಯ ಊಹೆಗಿಂತ ಹೆಚ್ಚಿನದೆಂದು ಅವರೇ 1996ರಲ್ಲಿ ಹೇಳಿದ್ದಾರೆ. ಬಳ್ಳಾರಿಯಲ್ಲಿ ನಮಗೆ ಜ್ಞಾನೋಪದೇಶ ಕಲಿಸಿದ ಸಿಸ್ಟರ್ ಕೂಡ ಬೈಬಲಿನ ಆದಿಕಾಂಡ ಹೇಳುವ ಸೃಷ್ಟಿಯ ಆರು ದಿನಗಳನ್ನು ಗಡಿಯಾರದ ದಿನಗಳೆಂದು ಎಂದೂ ಹೇಳಲಿಲ್ಲ.

ನಿಜವಾದ ಕಷ್ಟ ಬೇರೆಯದು. ಊರಿನಲ್ಲಿ ಬಲಿಪೂಜೆಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಇಲ್ಲಿ ಮಳೆಯ ಭಾನುವಾರ ನೀನೊಬ್ಬಳೇ ಎದ್ದು, ಡಚ್ ಭಾಷೆಯ ಪ್ರಾರ್ಥನೆಗೆ, ಅರ್ಧ ಖಾಲಿಯಿರುವ ಚರ್ಚ್‌ಗೆ ಹೋಗಬೇಕು. ಕನ್ನಡದ ಪ್ರಾರ್ಥನೆ ಪುಸ್ತಕವನ್ನು ಮರೆಯದೆ ತಾ. ಬಂದು ಇಳಿದ ಕೂಡಲೇ ತಿಳಿಸು, ಮೊದಲ ಭಾನುವಾರ ನಾನೂ ನನ್ನ ಹೆಂಡತಿಯೂ ನಿನ್ನ ಜೊತೆ ಬರುತ್ತೇವೆ.