ದೇವರ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿ

ಚರ್ಚಿಗೆ ತಪ್ಪದೆ ಹೋಗುತ್ತೇನೆ, ಬೈಬಲ್ ಓದುತ್ತೇನೆ, ದಿನಾ ಪ್ರಾರ್ಥನೆ ಮಾಡುತ್ತೇನೆ, ಆದರೂ ದೇವರು ಎಲ್ಲೋ ದೂರ ಇದ್ದಾರೆ ಅನ್ನಿಸುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದನ್ನು ಬಾಯಿಬಿಟ್ಟು ಕೇಳಿದ್ದೇ ಒಳ್ಳೆಯದಾಯಿತು. ಎಷ್ಟೋ ವಿಶ್ವಾಸಿಗಳು ಇದನ್ನು ಒಳಗೇ ಇಟ್ಟುಕೊಂಡು ಕೊರಗುತ್ತಾರೆ.

ನಿಮ್ಮ ಪ್ರಾರ್ಥನೆಯಲ್ಲಿ ಮನಸ್ಸಿನಲ್ಲಿರುವುದೆಲ್ಲ ಬರುತ್ತದಾ? ಪ್ರಾರ್ಥನೆಗೆ ಕೂತ ಕೂಡಲೇ ನಮ್ಮ ದನಿಯೇ ಬದಲಾಗುತ್ತದೆ ಅಲ್ವಾ? ಸ್ತೋತ್ರ, ಮನೆಯವರಿಗಾಗಿ ಬೇಡಿಕೆ, ಆಮೆನ್. ಅವತ್ತಿಡೀ ಕಾಡಿದ ಸಿಟ್ಟು, ಹೊಟ್ಟೆಕಿಚ್ಚು, ಭಯ ಬಾಯಿಗೆ ಬರುವುದೇ ಇಲ್ಲ. ಬರೀ ಒಳ್ಳೆಯ ಮಾತು ಆಡಿಕೊಂಡಿರುವ ಇಬ್ಬರ ನಡುವೆ ಸಲಿಗೆ ಬೆಳೆಯುವುದು ಕಷ್ಟ. ದೇವರ ಜೊತೆಗೂ ಹಾಗೇ ಎಂದು ನಾನು ನಂಬುತ್ತೇನೆ.

ಈ ವಿಷಯದಲ್ಲಿ ಬೈಬಲಿಗೆ ನಮಗಿಂತ ಧೈರ್ಯ ಜಾಸ್ತಿ. ಕೀರ್ತನೆಗಳು ಅಂದರೆ ಬೈಬಲಿನಲ್ಲಿರುವ ಪ್ರಾರ್ಥನೆಯ ಹಾಡುಗಳು. ಆ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳು ಮತ್ತು ದೂರು. 88ನೇ ಕೀರ್ತನೆ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ, ಅದಕ್ಕೂ ದೇವರ ವಾಕ್ಯದಲ್ಲಿ ಜಾಗವಿದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು: ನನ್ನ ದೇವರೇ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ? ಯೇಸುವೇ ಹೀಗೆ ಕೇಳಿದ ಮೇಲೆ ನಾವು ಕೇಳಲು ಹೆದರಬೇಕಾಗಿಲ್ಲ.

13ನೇ ಕೀರ್ತನೆಯಿಂದ ಶುರು ಮಾಡಿ. ಇರುವುದು ಆರೇ ವಚನ. ಮೊದಲು ದೂರು, ಆಮೇಲೆ ಬೇಡಿಕೆ, ಕೊನೆಗೆ ಭರವಸೆ. ದನಿ ತೆಗೆದು ನಿಧಾನವಾಗಿ ಓದಿ. ಯಾವ ಮಾತು ಮನಸ್ಸಿಗೆ ತಾಗುತ್ತದೋ ಅಲ್ಲಿ ನಿಲ್ಲಿಸಿ, ಮುಂದಿನದನ್ನು ನಿಮ್ಮ ಮಾತಿನಲ್ಲೇ ದೇವರಿಗೆ ಹೇಳಿ. ಭರವಸೆಯ ಸಾಲು ಇನ್ನೂ ಬಾಯಿಗೆ ಬರದಿದ್ದರೆ ಸುಮ್ನೆ ಬಲವಂತ ಮಾಡಿಕೊಳ್ಳಬೇಡಿ. ನಾಳೆ ಮತ್ತೆ ಅದೇ ಕೀರ್ತನೆ ಓದಿ.

ಇದಕ್ಕೆ ಒಂಟಿಯಾಗಿ ಕೂರುವ ಸಮಯ ಬೇಕು, ಸ್ವಲ್ಪವಾದರೂ ಸಾಕು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ನೋಡಿ. ಸಂಜೆ ಇಡೀ ಊರೇ ಯೇಸು ಇದ್ದ ಮನೆಯ ಬಾಗಿಲಿಗೆ ಬಂದಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಅವರು ಪ್ರಾರ್ಥಿಸುತ್ತಿದ್ದರು. ಶಿಷ್ಯರು ಹುಡುಕಿಕೊಂಡು ಬರಬೇಕಾಯಿತು. ನೀವು ಕೂರುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

ಏನೂ ಅನ್ನಿಸದ ದಿನಗಳೂ ಬರುತ್ತವೆ. ನಿಮ್ಮ ನಂಬಿಕೆ ಸಾಲದು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಒಬ್ಬ ತಂದೆ ಅತ್ತಾಗ ಯೇಸು ಅವನ ಮಗನನ್ನು ಗುಣಪಡಿಸಿದರು. ಎಲೀಯನಂಥ ಪ್ರವಾದಿಯೇ ಸಾಕಾಗಿ, ನನಗೆ ಸಾವು ಬರಲಿ ಎಂದು ಬೇಡಿಕೊಂಡಿದ್ದ. ದೇವರು ಅವನನ್ನು ಗದರಲಿಲ್ಲ. ನಿದ್ದೆ ಮಾಡಲು ಬಿಟ್ಟರು, ದೂತನ ಕೈಯಲ್ಲಿ ಎರಡು ಸಲ ಊಟ ಕೊಡಿಸಿದರು. ದೇವರು ಮೆಲ್ಲನೆಯ ದನಿಯಲ್ಲಿ ಅವನ ಜೊತೆ ಮಾತಾಡಿದ್ದು ಅದೆಲ್ಲ ಆದ ಮೇಲೆ. ತುಂಬಾ ದಣಿದಿದ್ದರೆ ನೀವೂ ಮೊದಲು ಮಲಗಿ.

ಇನ್ನೊಂದು ಮಾತು, ಕೇಳಲು ಸ್ವಲ್ಪ ಕಷ್ಟ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ? ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದರು ಯೇಸು. ಪ್ರಾರ್ಥನೆ ಒಣಗಿದಾಗ ನಾನು ಮೊದಲು ನೋಡಿಕೊಳ್ಳುವುದು ಇದನ್ನೇ. ಅವರು ನಿಮ್ಮನ್ನು ಹಿಂಸಿಸಿದವರಾದರೆ ಹೋಗಬೇಕಾಗಿಲ್ಲ, ದೂರವೇ ಇರಿ. ಉಳಿದವರ ಹತ್ತಿರ ಹೋಗಿ ಮಾತಾಡಿ. ಅವರು ಒಪ್ಪದಿದ್ದರೆ, ದಿನಾ ಅವರ ಹೆಸರು ಹೇಳಿ ಪ್ರಾರ್ಥಿಸಿ. ಅವರ ಮೇಲೆ ಇನ್ನೂ ಸಿಟ್ಟಿದ್ದರೆ ಅದನ್ನೂ ದೇವರಿಗೆ ಹೇಳಿಬಿಡಿ.