2147483647ಕ್ಕೆ ಬಂದು ನಿಂತ ಕಾಯಿನ್

ಪ್ರಶ್ನೆ: ಮೊಬೈಲ್ ಗೇಮ್ ಒಂದರಲ್ಲಿ ನನ್ನ ಕಾಯಿನ್ 2147483647ಕ್ಕೆ ಬಂದು ನಿಂತುಬಿಟ್ಟಿದೆ. ಎಷ್ಟು ಆಡಿದರೂ ಏರುತ್ತಿಲ್ಲ. ಸುಮ್ನೆ ಕುತೂಹಲಕ್ಕೆ 3, 7, 11, 13ರಿಂದ ಭಾಗಿಸಿ ನೋಡಿದೆ. ಯಾವುದರಿಂದಲೂ ಹೋಗಲಿಲ್ಲ. ಈ ಸಂಖ್ಯೆಯಲ್ಲಿ ಅಂಥದ್ದೇನಿದೆ ಸಾರ್?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಮೊದಲು ಗೇಮಿನ ವಿಷಯ ಮುಗಿಸಿಬಿಡೋಣ. ಎಷ್ಟೋ ಪ್ರೋಗ್ರಾಂಗಳು ಒಂದು ಸಂಖ್ಯೆಗೆ 32 ಬಿಟ್ (0 ಅಥವಾ 1 ಹಿಡಿಸುವ ಮನೆ) ಜಾಗ ಕೊಡುತ್ತವೆ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಎಂದು ತಿಳಿಸಲು ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ ಇದು. 2ರ ಘಾತ 31, ಅದರಲ್ಲಿ ಒಂದು ಕಳೆಯಿರಿ. ಗೇಮ್ ಬರೆದವರು ಅಲ್ಲಿಗೇ ನಿಲ್ಲಿಸಿದ್ದಾರೆ, ನಿಮ್ಮ ಪುಣ್ಯ. ಇಲ್ಲದಿದ್ದರೆ ಇನ್ನೊಂದು ಕಾಯಿನ್ ಸೇರಿದ ಕೂಡಲೇ ಲೆಕ್ಕ ಮೈನಸ್ 2147483648ಕ್ಕೆ ಬೀಳಬಹುದಿತ್ತು. 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತಿರುವ ಹಳೆಯ ಕಂಪ್ಯೂಟರ್‌ಗಳಿಗೂ ಇದೇ ಗತಿ. ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವುಗಳ ಎಣಿಕೆ ತುಂಬುತ್ತದೆ.

ಈಗ ನಿಮ್ಮ ಭಾಗಾಕಾರಕ್ಕೆ ಬರೋಣ. 214 ಕೋಟಿ 74 ಲಕ್ಷ 83 ಸಾವಿರದ 647 ಒಂದು ಅವಿಭಾಜ್ಯ ಸಂಖ್ಯೆ. ಇದನ್ನು ತೋರಿಸಿಕೊಟ್ಟವರು ಗಣಿತಜ್ಞ ಆಯ್ಲರ್, 1772ರಲ್ಲಿ. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ! ಇದರ ವರ್ಗಮೂಲ 46,340ಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಷ್ಟಾದರೂ ಸುಮಾರು 4,800 ಭಾಗಾಕಾರ. ಕೈಲೆಕ್ಕದಲ್ಲಿ ಯಾರಿಗೆ ಬೇಕು ಅಲ್ವಾ?

ಆಯ್ಲರ್ ಎರಡು ಜರಡಿ ಹಿಡಿದರು. ಮೊದಲನೆಯದು: 31 ಅವಿಭಾಜ್ಯವಾದ್ದರಿಂದ, ನಮ್ಮ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಎರಡನೆಯದು: ಅದನ್ನೇ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ನೀವು ಹಿಡಿದ 3, 7, 11, 13 ಮೊದಲನೇ ಜರಡಿಯಲ್ಲೇ ಬಿದ್ದುಹೋಗುತ್ತವೆ. ಎರಡೂ ಜರಡಿ ದಾಟಿ ಬರುವ ಮೊದಲ ಅವಿಭಾಜ್ಯ 311. ಅದರ ನಂತರ ನೇರವಾಗಿ 1303! ಹೀಗೆ 46,340ರೊಳಗೆ ಉಳಿಯುವುದು ನೂರಕ್ಕೂ ಕಡಿಮೆ. 311ರಿಂದ ಭಾಗಿಸಿದರೆ 35 ಉಳಿಯುತ್ತದೆ. ಮಿಕ್ಕವುಗಳಿಂದಲೂ ಹೋಗುವುದಿಲ್ಲ.

ನಮ್ಮ ಸಂಖ್ಯೆಯನ್ನು 2ರ ಘಾತ 30ರಿಂದ ಗುಣಿಸಿದರೆ 19 ಅಂಕಿಯ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಅಂದರೆ ತನ್ನನ್ನು ಬಿಟ್ಟು ಉಳಿದ ಅಪವರ್ತನಗಳೆಲ್ಲ ಕೂಡಿದರೆ ತಾನೇ ಆಗುವ ಸಂಖ್ಯೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಮುಂದೆ ಯಾರೂ ಹುಡುಕಲಾರರು ಎಂದು 1811ರಲ್ಲಿ ಇಂಗ್ಲಿಷ್ ಗಣಿತಜ್ಞ ಪೀಟರ್ ಬಾರ್ಲೋ ಬರೆದಿದ್ದರು. ಪಾಪ, 1876ರಲ್ಲಿ ಲೂಕಾ ಎಂಬ ಫ್ರೆಂಚ್ ಗಣಿತಜ್ಞರು 2ರ ಘಾತ 127ರಲ್ಲಿ ಒಂದು ಕಳೆದರೆ ಬರುವುದೂ ಅವಿಭಾಜ್ಯವೇ ಎಂದು ತೋರಿಸಿದರು. ಅದರಿಂದಲೂ ಇದೇ ರೀತಿ ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಬಾರ್ಲೋ ಮಾತು ಅಲ್ಲಿಗೆ ಮುಗಿಯಿತು.

ಅಂದಹಾಗೆ, ನಿಮ್ಮ ಕಾಯಿನ್ ನಿಂತದ್ದಕ್ಕೂ ಈ ಅವಿಭಾಜ್ಯ ಗುಣಕ್ಕೂ ಸಂಬಂಧವಿಲ್ಲ. 31 ಬಿಟ್ ಉಳಿದದ್ದು ಕಾಕತಾಳೀಯ, ಅಷ್ಟೇ. ಮುಂದೆ ಗೇಮ್ 64 ಬಿಟ್‌ಗೆ ಬದಲಾದರೆ ಮಿತಿ 9223372036854775807 ಆಗುತ್ತದೆ. ಅದನ್ನು ನಿಮ್ಮ 7ರಿಂದಲೇ ಭಾಗಿಸಿ ನೋಡಿ. ಒಂದಲ್ಲ, ಎರಡು ಸಲ ಹೋಗುತ್ತದೆ.